ಗೌಡ್ರಮ್ಮನ ಗೋಡೆಗೆ ಏಳು ಸುತ್ತು

ನಮ್ಮೂರು ಹೊಳೆನರಸೀಪುರಕ್ಕೆ ಶನಿವಾರ ಶನಿವಾರ ಹಾಸನದಿಂದ ಒಬ್ಬರು ಬೈಬಲಮ್ಮ ಬರುತ್ತಿದ್ದರು. ಅವರ ಹೆಸರನ್ನು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಬಿಳೀ ಸೀರೆ, ಗಂಡಸರು ಹಿಡಿಯುವಂಥ ದೊಡ್ಡ ಕಪ್ಪು ಛತ್ರಿ, ಕಂಕುಳಲ್ಲಿ ಚಿತ್ರಗಳ ಸುರುಳಿ. ಬಸ್ಸಿನಿಂದ ಇಳಿದು ನಮ್ಮ ಬೀದಿಯ ಕೊನೆಯ ಹೊಂಗೆಮರಕ್ಕೆ ಆ ಸುರುಳಿಯನ್ನು ತೂಗುಹಾಕಿದರೆ ಸಾಕು, ಹತ್ತು ಮನೆಯ ಮಕ್ಕಳು ಅಲ್ಲಿ ಕೂತಿರುತ್ತಿದ್ದೆವು. ಕಥೆ ಕೇಳಿ, ಅವರ ಸತ್ಯವೇದದ ಒಂದು ಮಾತನ್ನು ಬಾಯಿಪಾಠ ಒಪ್ಪಿಸಿದವರಿಗೆ ಬಣ್ಣದ ಚಿತ್ರದ ಚೀಟಿ ಸಿಗುತ್ತಿತ್ತು. ನನ್ನ ಹತ್ತಿರ ಹದಿನಾಲ್ಕು ಇದ್ದವು. ಅದರಲ್ಲಿ ಎರಡು ನನ್ನ ದೊಡ್ಡಪ್ಪನ ಮಗಳಿಂದ ಕದ್ದವು.

ಆಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗೆ ಒಂಬತ್ತು ವರ್ಷ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಅಪ್ಪನಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ. ಪಕ್ಕದ ಅಂಗಡಿಯವರು ಒಂದು ದಿನ ಅಪ್ಪನಿಗೆ, "ನಿಮ್ ಮಗ್ಳನ್ನ ಆಯಮ್ಮ ಕಿಲಸ್ತಾನ ಮಾಡ್ಬುಡ್ತಾಳೆ, ನೋಡ್ಕಳಿ" ಎಂದರಂತೆ. ಅಪ್ಪ ಮನೆಗೆ ಬಂದು ನನ್ನನ್ನು ಕರೆದು, "ಕತೆ ಕೇಳು. ಏನಾರ ಕೊಟ್ರೆ ತಿನ್ಬೇಡ" ಎಂದರು. ಬೈಬಲಮ್ಮ ತಿನ್ನಲು ಏನನ್ನೂ ಕೊಡುತ್ತಿರಲಿಲ್ಲವಾದ್ದರಿಂದ ಅಪ್ಪನ ಮಾತನ್ನು ನಾನು ಎಂದೂ ಮೀರಲಿಲ್ಲ.

ಬೈಬಲಮ್ಮ ತಮ್ಮ ಸತ್ಯವೇದದ ಪುಸ್ತಕವನ್ನು ಬಿಚ್ಚುವ ಮುಂಚೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಒಂದು ಶನಿವಾರ ದೊಡ್ಡಪ್ಪನ ಮಗಳು, "ಇದೆಲ್ಲಾ ನಿಜವಾಗ್ಲೂ ನಡೀತಾ?" ಎಂದು ಕೇಳಿದಳು. ಬೈಬಲಮ್ಮ ಸಿಟ್ಟಾಗಲಿಲ್ಲ. "ಇದರ ಮೇಲೆ ನಿನ್ನ ಭಾರ ಪೂರ್ತಿ ಹಾಕಬಹುದು ಮಗಳೇ, ಮುರಿಯಲ್ಲ" ಎಂದರು.

ಅವತ್ತಿನ ಕಥೆ ಯೆರಿಕೋ ಎಂಬ ಊರಿನದು. ಎತ್ತರದ ಕೋಟೆಗೋಡೆ. ದೇವರು ಹೇಳಿದಂತೆ ಜನ ಆರು ದಿನ ಬಾಯಿ ಬಿಡದೆ ದಿನಕ್ಕೊಂದು ಸುತ್ತು ಬಂದರು. ಏಳನೆಯ ದಿನ ಏಳು ಸುತ್ತು ಬಂದು, ಕೊಂಬು ಊದಿ, ಒಟ್ಟಿಗೆ ಕೂಗಿದರು. ಗೋಡೆ ಕುಸಿದುಬಿತ್ತು. ನಾನು ದೊಡ್ಡಪ್ಪನ ಮಗಳ ಮುಖ ನೋಡಿದೆ. ಅವಳು ಆಗಲೇ ನನ್ನ ಮುಖ ನೋಡುತ್ತಿದ್ದಳು.

ನಮ್ಮ ಬೀದಿಯ ಹಿಂದೆ ಗೌಡ್ರಮ್ಮನ ಸೀಬೆತೋಟವಿತ್ತು. ಗೌಡ್ರಮ್ಮ ಗಂಡ ತೀರಿಹೋದ ಮುದುಕಿ. ಒಬ್ಬಳೇ ನಿಂತು ಹೊಲ ಗದ್ದೆ ಮಾಡಿಸುತ್ತಿದ್ದ ಗಟ್ಟಿಗಿತ್ತಿ. ಮನೆ, ತೋಟ ಎರಡಕ್ಕೂ ಸೇರಿ ಸುತ್ತ ಆಳೆತ್ತರದ ಮಣ್ಣಿನ ಗೋಡೆ, ಅದರ ನೆತ್ತಿಗೆಲ್ಲ ಜಾಲಿಮುಳ್ಳು. ಒಳಗಿನ ಸೀಬೆಹಣ್ಣಿನ ವಾಸನೆ ಮಾತ್ರ ಬೀದಿಗೆಲ್ಲ ಬರುತ್ತಿತ್ತು.

ಮಾರನೆಯ ದಿನದಿಂದಲೇ ಶುರುಮಾಡಿದೆವು: ನಾನು, ದೊಡ್ಡಪ್ಪನ ಮಗಳು, ಎದುರುಮನೆಯ ನೇಕಾರರ ಹುಡುಗಿ. ಬಾಯಿ ಮುಚ್ಚಿಕೊಂಡಿರುವುದು ನಮ್ಮ ಮೂವರಿಗೂ ಆಗದ ಕೆಲಸ. ಮೊದಲ ದಿನ ಮೊದಲನೆಯ ಮೂಲೆ ತಿರುಗುವಷ್ಟರಲ್ಲೇ ಜಗಳವಾಡಿಬಿಟ್ಟೆವು. ಅದು ಲೆಕ್ಕಕ್ಕಿಲ್ಲವೆಂದು ತೀರ್ಮಾನಿಸಿ, ಬಾಯಿ ತುಂಬ ನೀರು ಹಿಡಿದುಕೊಂಡು ಮತ್ತೆ ಹೊರಟೆವು. ನೇಕಾರರ ಹುಡುಗಿಗೆ ನಗು ಬಂದರೆ ಮೂಗಿನಿಂದ ನೀರು ಬರುತ್ತಿತ್ತು. ಹಾಗೂ ಹೀಗೂ ಸುತ್ತು ಮುಗಿಯಿತು.

ಮೂರನೆಯ ದಿನ ಗೌಡ್ರಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನ್ರವ್ವಾ, ದಿನಾ ನನ್ ಗ್ವಾಡೆ ಸುತ್ತೀರಲ್ಲ, ಯಾಕೆ?"

ಬಾಯಲ್ಲಿ ನೀರು. ಏನು ಹೇಳುವುದು? ತಲೆ ತಗ್ಗಿಸಿ ಮುಂದೆ ನಡೆದೆವು. ಹಿಂದಿನಿಂದ ಗೌಡ್ರಮ್ಮ ಯಾರಿಗೋ ಹೇಳಿದ್ದು ಕೇಳಿಸಿತು: "ನೋಡ್ದಾ? ಮೌನ ಇಡ್ಕಂಡವೆ ಕಣವ್ವ ಕೂಸುಗಳು!"

ನಾಲ್ಕನೆಯ ದಿನ ಹೋದರೆ ಗೋಡೆಯ ಮೂಲೆಗೆ ಅರಿಶಿನ ಕುಂಕುಮ ಬಿದ್ದಿತ್ತು. ಒಂದು ಹಣತೆಯೂ ಇತ್ತು. ಗೌಡ್ರಮ್ಮ ನೆರೆಯ ಹೆಂಗಸರಿಗೆ ವಿವರಿಸುತ್ತಿದ್ದಳು: "ಈ ಮೂಲೇಲಿ ಉತ್ತ ಇತ್ತಂತೆ, ನಮ್ಮತ್ತೆ ಏಳೋರು. ಅದನ್ನ ಕೆಡವಿ ಗ್ವಾಡೆ ಆಕ್ಸುದ್ರಂತೆ. ಈಗ ಆ ನಾಗ್ರಾವು ಮಕ್ಕಳ ಕೈಲಿ ಸುತ್ತಾಕುಸ್ತಾ ಅದೆ, ಇನ್ನೇನು!" ಐದನೆಯ ದಿನ ನಮ್ಮ ಹಿಂದೆ ಇಬ್ಬರು ಹೆಂಗಸರು ಸುತ್ತು ಬಂದರು. ಅವರಲ್ಲೊಬ್ಬಳ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತ್ತು. ಅವತ್ತು ಸಂಜೆ ಅದು ಅರ್ಧ ಸೇರು ಕರೆಯಿತಂತೆ. ಆರನೆಯ ದಿನ ಹನ್ನೊಂದು ಹೆಂಗಸರು! ನಿಜ ಹೇಳಿಬಿಡೋಣವೆಂದು ನೇಕಾರರ ಹುಡುಗಿ ಅಳುಮುಖ ಮಾಡಿದಳು. "ಇನ್ನೊಂದೇ ದಿನ ಕಣೇ" ಎಂದಳು ದೊಡ್ಡಪ್ಪನ ಮಗಳು.

ಏಳನೆಯ ದಿನ ಶನಿವಾರ. ಕೊಂಬಿಲ್ಲದ್ದಕ್ಕೆ ನಮ್ಮ ಅಡುಗೆಮನೆಯಿಂದ ಒಲೆ ಊದುವ ಕೊಳವೆ ತಂದಿದ್ದೆ. ಏಳು ಸುತ್ತು ಮುಗಿಯುವಷ್ಟರಲ್ಲಿ ನಮ್ಮ ಹಿಂದೆ ಅರ್ಧ ಬೀದಿ ಇತ್ತು. ನೀರು ಉಗಿದು, ಕೊಳವೆಯಲ್ಲಿ "ಬೋಂ" ಎಂದು ಊದಿ, ಮೂವರೂ ಗಂಟಲು ಹರಿಯುವಂತೆ ಕೂಗಿದೆವು. ಹಿಂದಿನವರು ನಮ್ಮದು ಭಕ್ತಿಯೆಂದು ತಿಳಿದು "ಗೋವಿಂದಾ, ಗೋವಿಂದ" ಎಂದು ದನಿಗೂಡಿಸಿದರು. ಗೋಡೆಯ ನೆತ್ತಿಯಿಂದ ಒಂದು ಹಿಡಿ ಮಣ್ಣು ಉದುರಿತು. ಅದರ ಜೊತೆಗೆ ಒಂದು ಓತಿಕ್ಯಾತ ಕೆಳಗೆ ಬಿದ್ದು ಓಡಿಹೋಯಿತು. ಅಷ್ಟೆ.

ಹೊಂಗೆಮರದ ಕೆಳಗೆ ಒಂದು ಮಗುವನ್ನೂ ಕಾಣದೆ, ಸದ್ದು ಬಂದತ್ತ ಬೈಬಲಮ್ಮ ಬಂದದ್ದು ಆಗಲೇ. ಅರಿಶಿನ ಕುಂಕುಮ, ಹಣತೆ, ಹೆಂಗಸರು, ಕೊನೆಗೆ ನನ್ನ ಕೈಯ ಕೊಳವೆ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಬೀಳ್ಲಿಲ್ಲ ಅಮ್ಮಾ," ಎಂದಳು ದೊಡ್ಡಪ್ಪನ ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಪೂರ್ತಿ ಭಾರ ಹಾಕಿದ್ವಿ."

ಬೈಬಲಮ್ಮ ಸುಮ್ಮನೆ ಹಿಂತಿರುಗಿ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಛತ್ರಿ ಮಡಿಸಿ, ಹೆಂಗಸರಿಂದ ಹುತ್ತದ ಸಂಗತಿ ಕೇಳಿ ತಿಳಿದು, ಗೌಡ್ರಮ್ಮನ ಹತ್ತಿರ ಹೋಗಿ, "ಇದು ಹುತ್ತದ ವಿಷಯ ಅಲ್ಲಮ್ಮ. ನಾನು ಹೇಳಿದ ಒಂದು ಕಥೆಯಿಂದ ಹೀಗಾಯಿತು" ಎಂದು ನಿಂತಲ್ಲೇ ಯೆರಿಕೋ ಕಥೆ ಪೂರ್ತಿ ಹೇಳಿದರು. ಗೌಡ್ರಮ್ಮ ಎಲೆ ಅಡಿಕೆ ಅಗಿಯುತ್ತ ಕೇಳಿದಳು. ಗೋಡೆ ಬಿದ್ದಲ್ಲಿಗೆ ಬಂದಾಗ ಅಗಿಯುವುದು ನಿಂತಿತು.

"ಅಂಗಾರೆ ಇವು ನನ್ ಗ್ವಾಡೆ ಕೆಡವಕ್ಕೆ ಸುತ್ತುದ್ವಾ? ಯಾಕ್ರೇ?"

"ಸೀಬೆಹಣ್ಣಿಗೆ" ಎಂದೆ ನಾನು.

"ಥೂ ಮುಂಡೇವಾ! ಬಾಗ್ಲು ತಟ್ಟಿ, ಅವ್ವಾ ಒಂದಣ್ಣು ಕೊಡು ಅಂದಿದ್ರೆ ಕೊಡ್ತಿರ್ನಿಲ್ವಾ? ಒಂದ್ ದಿನಾರ ಕೇಳಿದ್ದೀರಾ?"

ಕೇಳಿರಲಿಲ್ಲ. ಬೈಬಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. "ಬರುವ ಶನಿವಾರದ ಪಾಠ ನೀವೇ ಹೇಳಿಬಿಟ್ಟಿರಲ್ಲಮ್ಮ, 'ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು; ತಟ್ಟಿರಿ, ನಿಮಗೆ ತೆರೆಯುವುದು' ಅಂತ" ಎಂದರು.

ಆಮೇಲೆ ನಮ್ಮ ಕಡೆ ತಿರುಗಿ, "ಆ ಗೋಡೆ ಸುತ್ತಿ ಅಂತ ಅವರಿಗೆ ದೇವರು ಹೇಳಿದ್ದ. ನಿಮಗೆ ಯಾರು ಹೇಳಿದರು?" ಎಂದು ಕೇಳಿದರು.

"ನಾವೇ."

"ಪುಸ್ತಕ ನಂಬೋದು ಬೇರೆ. ಅದರ ಕೈ ಹಿಡಿದು ನಮಗೆ ಬೇಕಾದ ಕಡೆ ಎಳಕೊಂಡು ಹೋಗೋದು ಬೇರೆ."

ಗೌಡ್ರಮ್ಮನ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. "ಅದಿರ್ಲಿ, ಗ್ವಾಡೆ ಬಿತ್ತಲ್ಲ, ಒಳಗಿದ್ದೋರ್ ಗತಿ ಏನಾಯ್ತು?"

ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಬೈಬಲಮ್ಮ ದನಿ ತಗ್ಗಿಸಿ, ಆ ಗೋಡೆಯ ಮೇಲೇ ಮನೆ ಇದ್ದ ಒಬ್ಬ ಹೆಂಗಸಿನ ವಿಷಯ ಹೇಳಿದರು. ಗೋಡೆ ಸುತ್ತಿದವರ ಕಡೆಯಿಂದ ಮೊದಲೇ ಬಂದಿದ್ದ ಪರದೇಶಿಗಳನ್ನು ಅವಳು ಬಚ್ಚಿಟ್ಟು ಕಾಪಾಡಿದ್ದಳಂತೆ. ಈ ಮನೆ ಮುಟ್ಟಬೇಡಿ ಎಂಬ ಗುರುತಿಗೆ ಕಿಟಕಿಗೆ ಕೆಂಪು ದಾರ ಕಟ್ಟಿದ್ದಳಂತೆ. ಅವಳೂ ಅವಳ ಮನೆಯವರೂ ಉಳಿದರಂತೆ.

"ಮಿಕ್ಕೋರು?"

ಬೈಬಲಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಅವರು ಉಳಿಯಲಿಲ್ಲ. ಅದನ್ನ ಓದುವಾಗ ನನಗೂ ಕಷ್ಟವಾಗತ್ತಮ್ಮ. ಹಾಗಂತ ಆ ಹಾಳೆ ಹರಿದುಹಾಕೋಕೆ ನನ್ನ ಕೈಲಿ ಆಗಲ್ಲ."

ಗೌಡ್ರಮ್ಮ ಅವರ ಮುಖವನ್ನೇ ನೋಡಿ, "ಸುಳ್ಳೇಳ್ನಿಲ್ಲ ನೀನು" ಎಂದು ಬಾಗಿಲು ಪೂರಾ ತೆಗೆದಳು. ನಾವು ಲಂಗದ ಮಡಿಲು ತುಂಬ ಸೀಬೆ ತಂದೆವು. ಬೈಬಲಮ್ಮನ ಕಥೆ ಎಷ್ಟು ಕೇಳಿದರೂ ಎಮ್ಮೆಯವಳು ಮಾತ್ರ ಹಣತೆ ಹಚ್ಚುವುದನ್ನು ಬಿಡಲಿಲ್ಲ. ಅಪ್ಪ ಸುದ್ದಿ ಕೇಳಿ ನನಗೆ ಬೈಯಲೆಂದು ಬಾಯಿ ತೆರೆದವರು, ನಕ್ಕು ನಕ್ಕು ಕೆಮ್ಮಿಬಿಟ್ಟರು.

ಮುಂದಿನ ಶನಿವಾರದಿಂದ ಗೌಡ್ರಮ್ಮ ಮಣೆ ತಂದು ಹೊಂಗೆಮರದ ಕೆಳಗೆ ನಮ್ಮ ಜೊತೆ ಕೂರತೊಡಗಿದಳು. ಪ್ರತಿ ಕಥೆಯಲ್ಲೂ ಹೆಂಗಸರ ಗತಿ ಏನಾಯಿತೆಂದು ಕೇಳುವಳು. ಬಾಯಿಪಾಠ ಒಪ್ಪಿಸದೆಯೇ ಚಿತ್ರದ ಚೀಟಿ ಕೇಳುವಳು. ಅವಳು ಕಿಲಸ್ತಾನಳಾಗಲಿಲ್ಲ, ನಾನೂ ಆಗಲಿಲ್ಲ. ಬೈಬಲಮ್ಮ ಬರುವುದನ್ನು ನಿಲ್ಲಿಸಲೂ ಇಲ್ಲ.

ಒಂದು ದಿನ ಗೌಡ್ರಮ್ಮನ ಕಿಟಕಿಗೆ ಕೆಂಪು ಉಡಿದಾರ ಕಟ್ಟಿರುವುದನ್ನು ನೋಡಿ ಬೈಬಲಮ್ಮನ ಮುಖ ಅರಳಿತು. "ನಂಬಿಕೆ ಬಂತೇನಮ್ಮ?" ಎಂದು ಮೆಲ್ಲಗೆ ಕೇಳಿದರು.

"ಪುಸ್ತಕದ್ ಮಾತು ಆಮ್ಯಾಕೆ," ಎಂದಳು ಗೌಡ್ರಮ್ಮ, ನಮ್ಮ ಮೂವರನ್ನೂ ತೋರಿಸಿ. "ಈ ಮುಂಡೇವನ್ನ ನಂಬಕ್ಕಾಯ್ತದಾ? ಒಳಗೆ ಮಾವಿನ ಮರಾನೂ ಅದೆ."