ಹೊಲಿ, ಹನುಮಕ್ಕ

ಹನುಮಕ್ಕ ತನ್ನನ್ನು ತಾನೇ ಹೆಸರು ಹಿಡಿದು ಗದರಿಸಿಕೊಳ್ಳುತ್ತಿದ್ದಳು. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಅವಳ ಪಕ್ಕದ ಮಿಷನ್ನಿಗೆ ಕೂತ ಮೊದಲ ದಿನ, ಪಾಪ, ಇವಳಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದೆ. ಸೂಪರ್‌ವೈಸರ್ ಬಂದು ತೆಲುಗಿನಲ್ಲಿ ಕೂಗಾಡಿ ಹೋದರೆ ನಾವೆಲ್ಲ ಅವನ ವಂಶ ಜಾಲಾಡುತ್ತಿದ್ದೆವು. ಅವಳು ಮಾತ್ರ ತಲೆ ಬಗ್ಗಿಸಿ, "ಅವನ ಬಾಯಿ ಅವಂದು, ನಿನ್ನ ಕೈ ನಿಂದು. ಹೊಲಿ, ಹನುಮಕ್ಕ," ಅನ್ನುತ್ತಿದ್ದಳು. ಕರೆಂಟ್ ಹೋದರೂ ಅದೇ ಮಾತು. ಕರೆಂಟಿಗೆಲ್ಲಿ ಬಾಯಿ ಅಕ್ಕ ಎಂದು ಕಾಡಿದರೆ ನಗುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಕುರಿ ಮಾರಿ ಹೊಲಿಗೆಗೆ ಬಂದವಳು ಅವಳು. ದಿನವಿಡೀ ಕುರಿಗಳಿಗೆ ಹೇಳಿ ಹೇಳಿ ಅಭ್ಯಾಸ, ಈಗ ಅವಿಲ್ಲವಲ್ಲ, ನನಗೇ ಹೇಳಿಕೊಳ್ಳುತ್ತೇನೆ ಎನ್ನುತ್ತಿದ್ದಳು.

ನಾನೋ ಮುಂಗೋಪಿ. ಈ ಕೆಲಸ ಹೋದರೆ ಮಗಳನ್ನು ಅವ್ವನ ಹತ್ತಿರ ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಬೇಕು. ಅದು ಗೊತ್ತಿದ್ದೂ ನಾಲಿಗೆ ನಿಲ್ಲುತ್ತಿರಲಿಲ್ಲ. ಒಮ್ಮೆ ಯಾರೋ ಎರಡು ಬೇರೆ ಥಾನಿನ, ಅಂದರೆ ಬೇರೆ ಸುರುಳಿಯ, ಬಟ್ಟೆ ಬೆರೆಸಿಬಿಟ್ಟಿದ್ದರು. ಹೊಲಿಯುವಾಗ ಎರಡೂ ಒಂದೇ ನೀಲಿ. ಒಗೆದು ಬಂದ ಮೇಲೆ ಒಂದು ಕಾಲು ಕಡುನೀಲಿ, ಇನ್ನೊಂದು ಮಾಸಲು. ಆ ಪ್ಯಾಂಟುಗಳನ್ನು ಸೂಪರ್‌ವೈಸರ್ ತಂದು ನನ್ನ ಮಡಿಲಿಗೆ ಎಸೆದ. ತಪ್ಪು ನನ್ನದಲ್ಲ. ಕೆಲಸವೂ ಬೇಡ, ಏನೂ ಬೇಡ ಎಂದು ಎದ್ದೆ. ಹನುಮಕ್ಕ ಸೆರಗು ಹಿಡಿದು ಕೂರಿಸಿದಳು.

"ಬಿಟ್ಟು ಹೋಗೋದು ನಿನ್ನ ಕೈಯಾಗ ಐತಿ, ತಂಗಿ. ಅದನ್ನ ಅವನ ಕೈಗೆ ಯಾಕ ಕೊಡ್ತಿ?"

ಹಲ್ಲು ಕಚ್ಚಿ ಕೂತೆ. ಆ ಸಂಜೆ ಮಗಳ ಜೊತೆ ಕೂತು ಉಂಡೆ.

ಕೆಲವು ವರ್ಷಗಳಲ್ಲಿ ಅವಳ ಕಣ್ಣಿಗೆ ಪೊರೆ ಬಂತು. ಯಾವ ಥಾನಿನದು ಎಂದು ಬಂಡಲಿಗೆ ಅಂಟಿಸಿದ ನಂಬರು ಕಾಣದೆ ಅವಳೇ ಎರಡು ನೀಲಿ ಕೂಡಿಸಿಬಿಟ್ಟಳು. ಒಂದು ಸಲವಲ್ಲ, ಮತ್ತೆ ಮತ್ತೆ. ಸೂಪರ್‌ವೈಸರ್ ಈ ಸಲ ಕೂಗಾಡಲಿಲ್ಲ. ಪಕ್ಕಕ್ಕೆ ಕರೆದು, ನಾಳೆಯಿಂದ ಬರಬೇಡಮ್ಮ ಎಂದು ಮೆಲ್ಲಗೆ ಹೇಳಿದ. ಬಯ್ಯುವವನಿಗೆ ಅವಳ ಹತ್ತಿರ ಮಾತಿತ್ತು. ಹೀಗೆ ಮೆತ್ತಗೆ ಕಳಿಸುವವನಿಗೆ ಇರಲಿಲ್ಲ.

ಹೊಲಿದ ಬಟ್ಟೆಯಲ್ಲಿ ಉಳಿದ ಎಳೆ ಕತ್ತರಿಸುವ ಕೆಲಸವಾದರೂ ಸಿಕ್ಕೀತು ಎಂದು ಅವಳು ಬೆಂಗಳೂರಿಗೆ ಹೊರಟಳು. ಎಳೆ ಕಾಣಲು ಕಣ್ಣು ಬೇಡವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚೀಲ ತಬ್ಬಿಕೊಂಡು ಸುಮ್ಮನೆ ಕೂತಿದ್ದಳು. ಆ ಮೌನ ತಡೆಯಲಾಗದೆ, ಏನಾದರೂ ಹೇಳಿಕೋ ಅಕ್ಕ ಎಂದೆ.

"ಸಾಕಾಗೇತಿ, ತಂಗಿ," ಅಂದಳು. "ನನ್ನ ಮಾತು ಈಗ ನಾನ ಕೇಳವಲ್ಲೆ."

ಬಸ್ ಬರುವ ತನಕ ಅವಳ ಕೈ ಹಿಡಿದುಕೊಂಡು ಕೂತಿದ್ದೆ.