ಹನೀಫ್ ಸಾಹೇಬರ ಕಾರಿನ ಡಿಕ್ಕಿ

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದು ಊರು ಮಾಮೂಲಿಗೆ ಬಂದಿದ್ದ ವರ್ಷ ಅದು. ಹಲಸೂರಿನಲ್ಲಿದ್ದ ನನ್ನ ಟಿಂಕರಿಂಗ್ ಶೆಡ್ಡನ್ನು ಅಷ್ಟು ಹೊತ್ತಿಗೆ ರಾಮಮೂರ್ತಿ ನಗರಕ್ಕೆ ಸಾಗಿಸಿದ್ದೆ. ಟಿಂಕರಿಂಗ್ ಎಂದರೆ ಕಾರಿನ ಮೈಕೆಲಸ. ನಜ್ಜುಗುಜ್ಜಾದ ತಗಡನ್ನು ನೇರ ಮಾಡುವುದು, ತುಕ್ಕು ತಿಂದ ಭಾಗ ಕತ್ತರಿಸಿ ಬೆಸುಗೆ ಹಾಕುವುದು, ಬಾಗಿಲು, ಬೀಗ, ಗಾಜುಗಳನ್ನು ಸರಿಯಾಗಿ ಕೂರಿಸುವುದು. ಎಂಜಿನ್ ನನ್ನ ಇಲಾಖೆಯಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸ ಮಾಡಿ, ಆ ವೇಳೆಗೆ ದಿನಕ್ಕೆ ಅರ್ಧ ಹೊತ್ತು ಮಾತ್ರ ಶೆಡ್ಡಿಗೆ ಹೋಗುತ್ತಿದ್ದೆ.

ಫ್ರೇಜರ್ ಟೌನಿನಿಂದ ರೇಷ್ಮಾ ಎಂಬ ಶಾಲಾ ಶಿಕ್ಷಕಿ ಫೋನ್ ಮಾಡಿದರು. ಮನೆಯ ಕಾಂಪೌಂಡಿನಲ್ಲಿ ತಂದೆಯ ಹಳೆಯ ಕಾರು ನಿಂತಿದೆ, ಬಂದು ನೋಡಬೇಕು ಎಂದರು. ಹೋದೆ.

ಕಾರು ನೋಡಿದಾಗ ನನಗೆ ಕನಿಕರವೇ ಆಯಿತು. ಎಪ್ಪತ್ತರ ದಶಕದ ಜಪಾನಿನ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎರಡೇ ಬಾಗಿಲು. ಮಾವಿನ ಮರದ ಕೆಳಗೆ ನಿಂತು ನಿಂತು ಬಣ್ಣವೆಲ್ಲ ಸುಣ್ಣದಂತಾಗಿತ್ತು, ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಹಿಂಭಾಗದ ಇಳಿಜಾರು ಪೂರ್ತಿ ಒಂದೇ ದೊಡ್ಡ ಗಾಜು. ಗಾಜಿನ ಸುತ್ತ ತಗಡಿನ ಚೌಕಟ್ಟು, ಮೇಲೆ ಕೀಲು, ಕೆಳಗೆ ಬೀಗ. ಹ್ಯಾಚ್ ಎನ್ನುವುದು ಪುಸ್ತಕದ ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಅದೂ ಡಿಕ್ಕಿಯೇ.

"ಪೂರ್ತಿ ರೆಡಿ ಮಾಡಿಸ್ಬೇಕಾಮ್ಮ?" ಎಂದು ಕೇಳಿದೆ.

"ಇಲ್ಲ ಮುನಿರಾಜಣ್ಣ, ಕಾರು ಓಡೋದು ಬೇಡ. ಡಿಕ್ಕಿ ಜಾಮ್ ಆಗಿದೆ, ಅದೊಂದು ತೆಗೆದುಕೊಡಿ, ಸಾಕು."

ಆಮೇಲೆ ಆಕೆ ವಿಷಯ ಹೇಳಿದರು. ತಂದೆ ಹನೀಫ್ ಸಾಹೇಬರು ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರಿ. ತಾವು ಪ್ರಾಯದಲ್ಲಿದ್ದಾಗ, ಊರು ಬಿಟ್ಟು ಹೊರಟಿದ್ದ ಯಾರೋ ವಿದೇಶಿಯರಿಂದ ಈ ಕಾರು ಕೊಂಡಿದ್ದರು. ಕಿತ್ತಳೆ, ಸೇಬು ಲಾರಿಯಲ್ಲಿ ಬರುತ್ತಿದ್ದವು. ಅಂಜೂರದಂಥ ಸೂಕ್ಷ್ಮ ಹಣ್ಣನ್ನು ಮಾತ್ರ ಯಾರ ಕೈಗೂ ಕೊಡದೆ, ಈ ಕಾರಿನ ಹಿಂದೆ ತುಂಬಿಕೊಂಡು ತಾವೇ ತರುತ್ತಿದ್ದರು. ಬಿಸಿಲು ಬೀಳದಿರಲೆಂದು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರು. ಪೆಟ್ಟಿಗೆಗಳು ಮುಂದಕ್ಕೆ ಜಾರದಿರಲೆಂದು ಸೀಟುಗಳ ಹಿಂದೆ ಪ್ಲೈವುಡ್ ತಡೆ ಹಾಕಿಸಿದ್ದರು. ಈಗ ಅವರಿಗೆ ಮರೆವಿನ ಕಾಯಿಲೆ. ಹೆಂಡತಿ ತೀರಿಕೊಂಡದ್ದು ನೆನಪಿಲ್ಲ. ಆದರೆ ಬೆಳಿಗ್ಗೆ ಎದ್ದೊಡನೆ ನೇರ ಕಾರಿನ ಬಳಿ ಹೋಗಿ ಡಿಕ್ಕಿಯನ್ನು ಎಳೆಯುತ್ತಾರೆ.

"ಒಳಗೆ ಮಾಲಿದೆ, ಕೊಳೆತು ಹೋಗ್ತಿದೆ ಅಂತಾರಣ್ಣ. ಉಗುರು ಕಿತ್ತು ರಕ್ತ ಬಂದ್ರೂ ಬಿಡಲ್ಲ. ಹೋದ ವಾರ ಇಟ್ಟಿಗೆ ತಗೊಂಡು ಗಾಜು ಒಡೆಯೋಕೆ ಹೋದ್ರು."

ಕಾರನ್ನು ಗುಜರಿಗೆ ಹಾಕಿಬಿಡೋಣ ಎಂಬುದು ರೇಷ್ಮಾರ ಅಣ್ಣನ ಅಭಿಪ್ರಾಯ. ರೇಷ್ಮಾ ಒಪ್ಪಿರಲಿಲ್ಲ. ಹಿಂದೊಮ್ಮೆ ಸಾಹೇಬರು ಗೇಟು ದಾಟಿ ಮಾರುಕಟ್ಟೆಗೆಂದು ಹೊರಟು ದಾರಿ ತಪ್ಪಿದ್ದರು. ಯಾರೋ ಆಟೊದವರು ಗುರುತು ಹಿಡಿದು ಮನೆಗೆ ತಂದು ಬಿಟ್ಟಿದ್ದರು. ಕಾರು ಕಣ್ಣೆದುರು ಇರುವವರೆಗೆ ಅವರು ಕಾಂಪೌಂಡಿನಲ್ಲೇ ಇರುತ್ತಾರೆ, ಅದನ್ನೂ ಸಾಗಿಸಿದರೆ ಹುಡುಕಿಕೊಂಡು ಬೀದಿಗಿಳಿಯುತ್ತಾರೆ ಎಂಬುದು ಆಕೆಯ ಭಯ.

ಗಾಜು ಒಡೆದು ತೆಗೆಯುವುದು ನನಗೆ ಸುಲಭವಿತ್ತು. ಆದರೆ ದಿನವೂ ಅಲ್ಲಿ ಕೈಯಾಡಿಸುವ ಮುದುಕರ ಮುಂದೆ ಒಡೆದ ಗಾಜಿನ ಚೌಕಟ್ಟು ಬಿಟ್ಟುಬರುವುದು ಹೇಗೆ? ಅಂಥ ಗಾಜು ಇನ್ನೊಂದು ಸಿಗುವುದೂ ಕಷ್ಟ. ಸಬ್ಬಲು ಹಾಕಿ ಮೀಟಿದರೂ ಬಿರುಕು ಬಿಡುವ ಸಾಧ್ಯತೆ ಇತ್ತು. ಬೀಗವನ್ನು ಒಳಗಿನಿಂದಲೇ ಬಿಡಿಸಬೇಕು ಎಂದು ತೀರ್ಮಾನಿಸಿದೆ.

ಮಾರನೆಯ ದಿನ ಬೆಳಿಗ್ಗೆಯೇ ಕೆಲಸ ಶುರು ಮಾಡಿದೆ. ಬೀಗದ ತೂತಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದೆ. ಕೀಲಿ ಕೂದಲೆಳೆಯಷ್ಟೂ ತಿರುಗಲಿಲ್ಲ. ಡ್ರೈವರ್ ಸೀಟಿನ ಪಕ್ಕ ಡಿಕ್ಕಿ ತೆಗೆಯುವ ಒಂದು ಲಿವರ್ ಇತ್ತು. ಎಳೆದರೆ ಅದು ಕೈಗೇ ಬಂತು, ಒಳಗಿನ ಕೇಬಲ್ ಎಂದೋ ತುಂಡಾಗಿತ್ತು. ಡಿಕ್ಕಿಯ ಅಂಚಿನ ರಬ್ಬರು ಬಿಸಿಲಿಗೆ ಕರಗಿ ತಗಡಿಗೆ ಡಾಂಬರಿನಂತೆ ಅಂಟಿಕೊಂಡಿತ್ತು. ಮೀನು ಹಿಡಿಯುವ ನೈಲಾನ್ ದಾರವನ್ನು ಸಂದಿಗೆ ತೂರಿಸಿ, ಸೋಪಿನ ನೀರು ಬಿಡುತ್ತಾ, ಗರಗಸದಂತೆ ಹಿಂದೆ ಮುಂದೆ ಎಳೆದು ಸುತ್ತಲೂ ಬಿಡಿಸಿದೆ. ಅದಕ್ಕೇ ಮಧ್ಯಾಹ್ನವಾಯಿತು.

ಆಮೇಲೆ ಸೀಟುಗಳನ್ನು ಕಳಚಿ, ಪ್ಲೈವುಡ್ಡಿನ ಸ್ಕ್ರೂ ಬಿಚ್ಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ. ಕಾರ್ಪೆಟ್ಟಿನ ಮೇಲೆ ಒಣಹುಲ್ಲಿನ ನಾಲ್ಕು ಎಳೆ, ಧೂಳು. ಬೇರೇನೂ ಇರಲಿಲ್ಲ.

ಇಷ್ಟು ಕಾಲ ಮಾಲಿದೆ ಎಂದು ನಂಬಿದ ಮನುಷ್ಯ ಖಾಲಿ ಡಿಕ್ಕಿ ನೋಡಿ ಏನಾಗುತ್ತಾರೋ? ಹೊರಗೆ ನಿಂತಿದ್ದ ರೇಷ್ಮಾರಿಗೆ ಮೆಲ್ಲಗೆ ಹೇಳಿದೆ: "ಒಳಗೇನೂ ಇಲ್ಲಮ್ಮ."

ಆಕೆ "ತೆಗೀರಿ ಅಣ್ಣ. ಇದ್ದಿದ್ದನ್ನ ನೋಡ್ಲಿ" ಎಂದರು.

ಬೀಗದ ಮೇಲಿನ ಹೊದಿಕೆ ಕಳಚಿದೆ. ಕೊಕ್ಕೆ ಕಾಣಿಸಿತು. ಸ್ಕ್ರೂಡ್ರೈವರ್ ಇಟ್ಟು ಎಷ್ಟು ಒತ್ತಿದರೂ ಅದು ಜಗ್ಗಲಿಲ್ಲ. ಕಾರಣ ಹೊರಗಿತ್ತು. ಸದ್ದು ಕೇಳಿ ಮಧ್ಯಾಹ್ನದ ನಿದ್ದೆಯಿಂದ ಎದ್ದುಬಂದಿದ್ದ ಸಾಹೇಬರು ಡಿಕ್ಕಿಯ ಅಂಚು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದರು. ಹಾಗೆ ಎಳೆದಷ್ಟೂ ಕೊಕ್ಕೆ ಬಿಗಿಯಾಗುತ್ತದೆ. ಡಿಕ್ಕಿಯನ್ನು ಕೆಳಕ್ಕೆ ಒತ್ತಿ ಹಿಡಿದರೆ ಮಾತ್ರ ಅದು ಸಡಿಲವಾಗುವುದು.

"ಬಿಡಿ ಅಬ್ಬಾ, ಕೈ ತೆಗೀರಿ" ಎಂದು ರೇಷ್ಮಾ ಬೇಡಿಕೊಳ್ಳುತ್ತಿದ್ದರು.

"ಮಾಲ್ ಅಂದರ್ ಹೈ! ಖರಾಬ್ ಹೋ ಜಾತಾ!" ಒಳಗೆ ಮಾಲಿದೆ, ಕೆಟ್ಟುಹೋಗುತ್ತೆ ಎಂದು ಸಾಹೇಬರು ಕೂಗಾಡುತ್ತಿದ್ದರು. ಅಳುವಿನ ದನಿಯದು.

ಏನು ತೋಚಿತೋ, ನಾನು ಒಳಗಿನಿಂದಲೇ ಗಟ್ಟಿಯಾಗಿ ಕೂಗಿದೆ: "ಸಾಹೇಬ್ರೇ, ಎಳೀಬೇಡಿ! ಮಾಲು ಜಾಸ್ತಿ ತುಂಬ್ಬಿಟ್ಟಿದೀವಿ, ಡಿಕ್ಕಿ ಕೂರ್ತಾ ಇಲ್ಲ. ಮೇಲಿಂದ ಅಮುಕಿ!"

ಎಳೆತ ನಿಂತಿತು. ಮರುಕ್ಷಣ ಎರಡು ಅಂಗೈಗಳು ತಗಡಿನ ಮೇಲೆ ಧಪ್ಪನೆ ಬಿದ್ದವು. ಹೆಚ್ಚು ತುಂಬಿದ ಡಿಕ್ಕಿಯನ್ನು ಮುಚ್ಚುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಭಾರವೆಲ್ಲ ಬಿಟ್ಟು ಅಮುಕಿದರು. ಕೊಕ್ಕೆ ಟಕ್ಕೆಂದು ಬಿಟ್ಟುಕೊಂಡಿತು.

ನಾನು ಒಳಗಿನಿಂದ ಬೆನ್ನು ಕೊಟ್ಟು ಎತ್ತಿದೆ, ರೇಷ್ಮಾ ಹೊರಗಿನಿಂದ ಹಿಡಿದರು. ಬೆಳಕು ಒಳಗೆ ಬಂತು. ಕಣ್ಣು ಕಿರಿದು ಮಾಡಿಕೊಂಡು ನಾನು ಸಾಹೇಬರ ಮುಖವನ್ನೇ ನೋಡುತ್ತಿದ್ದೆ. ಅವರು ಬಗ್ಗಿ ಕಾರ್ಪೆಟ್ ಸವರಿದರು. ಮೂಲೆಮೂಲೆಗೂ ಕೈಹಾಕಿ ನೋಡಿದರು. ಹುಲ್ಲಿನ ಒಂದು ಎಳೆಯನ್ನು ಹೆಕ್ಕಿ ಮೂಸಿದರು. ರೇಷ್ಮಾ ಡಿಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ನಿಂತಿದ್ದರು.

"ಸಬ್ ಬಿಕ್ ಗಯಾ?" ಎಂದರು ಸಾಹೇಬರು. ಎಲ್ಲಾ ಮಾರಾಟವಾಯಿತಾ ಎಂದು.

ರೇಷ್ಮಾ "ಹಾಂ ಅಬ್ಬಾ, ಸಬ್ ಬಿಕ್ ಗಯಾ" ಎಂದರು.

ಮುದುಕರ ಮುಖ ಅರಳಿತು. ಖಾಲಿ ಡಿಕ್ಕಿ ವ್ಯಾಪಾರಿಗೆ ಎಂಥ ಒಳ್ಳೆಯ ಸುದ್ದಿ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕೈಗಳನ್ನು ಪೈಜಾಮಕ್ಕೆ ಒರೆಸಿಕೊಂಡು, ನನ್ನತ್ತ ತಿರುಗಿ, "ಟೀ ಕುಡ್ಕೊಂಡು ಹೋಗಿ ಮೇಸ್ತ್ರಿ" ಎಂದು ಕನ್ನಡದಲ್ಲಿ ಹೇಳಿ ಒಳಗೆ ಹೋದರು. ಆ ದಿನ ಅವರು ಮತ್ತೆ ಕಾರಿನ ಹತ್ತಿರ ಬರಲಿಲ್ಲ.

ಡಿಕ್ಕಿಯನ್ನು ಬೀಗ ಬೀಳದಂತೆ ಸುಮ್ಮನೆ ಮುಚ್ಚಿ, ಕೆಲಸ ಮುಗಿಯಿತೆಂದು ನಾನು ಸಂತೋಷದಿಂದಲೇ ಶೆಡ್ಡಿಗೆ ಹೋದೆ. ಬೆಳಗಾಗುತ್ತಲೇ ರೇಷ್ಮಾರ ಫೋನು.

"ಅಣ್ಣ, ಅಬ್ಬಾ ಮತ್ತೆ ಹೋಗಿದ್ರು. ಡಿಕ್ಕಿ ಎತ್ತಿದ್ರು, ಹಿಡ್ಕೊಳ್ಳೋಕಾಗದೆ ಕೈ ಬಿಟ್ರು. ಸ್ವಲ್ಪದರಲ್ಲಿ ತಲೆ ಉಳೀತು."

ಹಿಂದಿನ ದಿನದ್ದು ಅವರಿಗೆ ನೆನಪಿರುವುದಿಲ್ಲ, ಅವರು ದಿನವೂ ಬರುತ್ತಾರೆ. ಇದು ನನ್ನ ತಲೆಗೇ ಹೋಗಿರಲಿಲ್ಲ. ಡಿಕ್ಕಿಯನ್ನು ಮೇಲೆ ಹಿಡಿದು ನಿಲ್ಲಿಸುವ ಗ್ಯಾಸ್ ತುಂಬಿದ ಎರಡು ಸರಳುಗಳಿರುತ್ತವೆ, ಸ್ಟ್ರಟ್ ಎನ್ನುತ್ತಾರೆ. ಅವು ಯಾವತ್ತೋ ಸತ್ತಿದ್ದವು. ಈ ಕಾರಿನದ್ದು ಎಲ್ಲೂ ಸಿಗಲಿಲ್ಲ. ಶಿವಾಜಿನಗರದ ಹಳೆ ಸ್ಪೇರ್ ಅಂಗಡಿಗಳಲ್ಲಿ ಹುಡುಕಿ ಯಾವುದೋ ವ್ಯಾನಿನ ಜೋಡಿಯೊಂದನ್ನು ತಂದು, ಗರುಡಾಚಾರ್‌ಪಾಳ್ಯದ ಲೇತ್ ಶಾಪಿನಲ್ಲಿ ಬ್ರಾಕೆಟ್ ಮಾಡಿಸಿ ಕೂರಿಸಿದೆ. ಅವುಗಳ ಒತ್ತಡ ಜಾಸ್ತಿಯಾಗಿ ಡಿಕ್ಕಿ ಹಾರಿ ಮೇಲೆದ್ದಿತು, ಸಾಹೇಬರು ಬೆಚ್ಚಿ ಹಿಂದಕ್ಕೆ ವಾಲಿದರು. ಅದನ್ನು ಕಿತ್ತು, ಮೆತ್ತನೆಯ ಇನ್ನೊಂದು ಜೋಡಿ ತಂದೆ. ಬೀಗದ ಕೊಕ್ಕೆ ತೆಗೆದುಹಾಕಿ, ಅಡುಗೆಮನೆಯ ಕಪಾಟಿಗೆ ಹಾಕುವ ಮ್ಯಾಗ್ನೆಟ್ ಕ್ಯಾಚ್ ಕೂರಿಸಿದೆ. ಅಂಚಿಗೆ ದಪ್ಪ ರಬ್ಬರು ಅಂಟಿಸಿದೆ. ಹಳೆ ಕಾರುಗಳ ಸಂಗ್ರಹವಿರುವ ನನ್ನ ಗಿರಾಕಿಯೊಬ್ಬರು ಇದನ್ನು ಕೇಳಿ, "ಏನ್ರೀ, ಅಂಥಾ ಗಾಡಿ ಹಾಳು ಮಾಡಿಬಿಟ್ರಲ್ಲ!" ಎಂದು ಬೈದರು. ಅವರ ಲೆಕ್ಕದಲ್ಲಿ ಅದು ಸರಿಯೇ.

ಸ್ಟ್ರಟ್ ಹೇಗಿವೆ ಎಂದು ನೋಡಲು ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಹೋದೆ. ಸಾಹೇಬರು ಸ್ವೆಟರ್ ತೊಟ್ಟು ಕಾರಿನ ಹಿಂದೆ ನಿಂತಿದ್ದರು. ಒಂದೇ ಕೈಯಲ್ಲಿ ಡಿಕ್ಕಿ ಎತ್ತಿದರು. ಅದು ಸದ್ದಿಲ್ಲದೆ ಮೇಲೆದ್ದು ನಿಂತಿತು. ಒಳಗೆ ಬಗ್ಗಿ ನೋಡಿ, ಸಮಾಧಾನವಾಗಿ ಮುಚ್ಚಿದರು. ಗೇಟಿನ ಬಳಿ ನಿಂತಿದ್ದ ನನ್ನ ಗುರುತು ಅವರಿಗೆ ಸಿಗಲಿಲ್ಲ. ಗಿರಾಕಿ ಎಂದುಕೊಂಡರು.

"ಇವತ್ತು ಎಲ್ಲಾ ಖಾಲಿ ಆಗೋಯ್ತು ರೀ. ನಾಳೆ ಸ್ವಲ್ಪ ಬೇಗ ಬನ್ನಿ, ಒಳ್ಳೇ ಅಂಜೂರ ಬರುತ್ತೆ."

"ಆಗ್ಲಿ ಸಾಹೇಬ್ರೇ, ಬರ್ತೀನಿ" ಎಂದೆ.

ಇವತ್ತಿಗೂ ಯಾರಾದರೂ ಸಿಕ್ಕಿಹಾಕಿಕೊಂಡ ಬಾಗಿಲು ತೋರಿಸಿದರೆ ನಾನು ಮೊದಲು ಬೀಗ ನೋಡುವುದಿಲ್ಲ. ನಾಳೆ ಇದನ್ನು ತೆಗೆಯುವ ಕೈ ಯಾರದು, ಆ ಕೈಗೆ ಎಷ್ಟು ಶಕ್ತಿಯಿದೆ ಎಂದು ಕೇಳುತ್ತೇನೆ. ಉತ್ತರ ಸಿಕ್ಕ ಮೇಲೆಯೇ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು.