ಲಲಿತಾ ಮೇಡಂ ಇಳಿದ ಮೋರಿ

ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಪ್ಪು ಗಮ್‌ಬೂಟು ತೊಟ್ಟು, ಹಾಡಹಗಲೇ ಮೋರಿಯ ಬಾಯಿಂದ ಹೊರಬರುವ ಹೆಂಗಸನ್ನು ಇಡೀ ವಿದ್ಯಾರಣ್ಯಪುರಂನಲ್ಲಿ ನಮ್ಮ ಬೀದಿಯವರು ಮಾತ್ರ ಕಂಡಿರಬೇಕು. ಲಲಿತಾ ಮೇಡಂ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಯಾರಾದರೂ ಮೂಗು ಮುರಿದರೆ ಆಟದ ಮೈದಾನದ ಗಂಟಲಿನಲ್ಲೇ ಉತ್ತರ: “ಇದು ಕಕ್ಕಸಿನ ಮೋರಿ ಅಲ್ಲ ಕಣ್ರೀ, ಮಳೆನೀರಿನ ದಾರಿ. ಬೇಸಿಗೇಲಿ ನಿಮ್ಮ ಬಚ್ಚಲಿಗಿಂತ ಒಣಗಿರುತ್ತೆ!”

ಪಕ್ಕದ ಮನೆಯವಳಾದ ನನ್ನನ್ನೂ ಒಮ್ಮೆ ಇಳಿಸಿದ್ದರು. ಒಳಗೆ ಹಳೆಯ ಇಟ್ಟಿಗೆಯ ಕಮಾನು, ತಂಪು, ತಲೆಯ ಮೇಲೆ ಸ್ಕೂಟರುಗಳ ಗುಡುಗುಡು. ಚಾವಣಿಯ ಬಿರುಕಿನಿಂದ ಇಳಿಬಿದ್ದ ಬೇರು ತೋರಿಸಿ, “ಇದು ಯಾರ ಮನೆ ಸಂಪಿಗೆ, ಹೇಳು ನೋಡೋಣ?” ಎಂದು ಹುಡುಗಿಯಂತೆ ನಕ್ಕಿದ್ದರು. ಅಲ್ಲಿ ಬಿದ್ದಿರುತ್ತಿದ್ದ ಚೆಂಡುಗಳನ್ನೆಲ್ಲ ಆರಿಸಿ ತಂದು, ತೊಳೆದು, ಬೀದಿಯ ಮಕ್ಕಳಿಗೆ ಹಂಚುತ್ತಿದ್ದರು.

ಆ ನಗು ಹೋದದ್ದು ಕಳೆದ ಮಳೆಗಾಲದಲ್ಲಿ. ಒಂದು ಮಧ್ಯಾಹ್ನದ ಮಳೆಗೆ ಮೋರಿ ಉಕ್ಕಿ, ತಗ್ಗಿನ ಓಣಿಯ ಮನೆಗಳಿಗೆ ನೀರು ನುಗ್ಗಿತು. ಹೂ ಮಾರುವ ಪುಟ್ಟಮ್ಮ ಜ್ವರ ಬಂದು ಮಲಗಿದ್ದರು. ಮೇಡಂ ಎದೆಮಟ್ಟದ ನೀರಿಗಿಳಿದು, ಅವರನ್ನು ಬೆನ್ನ ಮೇಲೆ ಹೊತ್ತು ತಂದರು. ಅವರನ್ನು ನಮ್ಮ ಜಗುಲಿಯ ಮೇಲೆ ಕೂರಿಸಿ, ಮೇಡಂ ಉಕ್ಕುತ್ತಿದ್ದ ಮೋರಿಯ ಕಡೆ ತಿರುಗಿದರು.

“ಇಷ್ಟು ವರ್ಷ ಸುಮ್ನೆ ಹರ್ಕೊಂಡು ಹೋದ ನೀರು ಈಗ್ಯಾಕೆ ತಿರುಗಿ ಬಂತು? ಯಾವನೋ ಅಡ್ಡ ನಿಂತಿದಾನೆ ಕಣೇ.”

ನೀರಿಳಿದು ಮೋರಿ ಒಣಗಿದ ಮೇಲೆ ಇಬ್ಬರೂ ಇಳಿದೆವು. ತಿರುವು ದಾಟಿದ್ದೇ ಎದುರಿಗೆ ಹೊಸ ಸಿಮೆಂಟು ಗೋಡೆ! ನೀರು ಹೋಗಲು ಬುಡದಲ್ಲಿ ಒಂದು ಪೈಪು, ಅದರ ತುಂಬ ಪ್ಲಾಸ್ಟಿಕ್ಕು. ಆಚೆಯಿಂದ ಕಾರಿನ ಹಾರನ್ನು ಕೇಳಿಸಿತು. ಹೊಸದಾಗಿ ಎದ್ದಿದ್ದ ಕಲ್ಯಾಣಮಂಟಪದ ನೆಲಮಾಳಿಗೆ ಅದು. ಕಾರು ನಿಲ್ಲಿಸಲು ಮೋರಿಯನ್ನೇ ನುಂಗಿದ್ದರು.

ಫೋಟೊ ತೆಗೆದುಕೊಂಡು ನಗರಪಾಲಿಕೆಯ ಕಚೇರಿಗೆ ಹೋದೆವು. ಅಧಿಕಾರಿ ಕಂಪ್ಯೂಟರಿನಿಂದ ಕಣ್ಣೆತ್ತದೆ, “ನಮ್ಮ ನಕ್ಷೇಲಿ ಅಲ್ಲಿ ಮೋರಿನೇ ಇಲ್ವಲ್ಲಮ್ಮ” ಎಂದ.

“ನಕ್ಷೆ ಅತ್ಲಾಗೆ ಬುಡ್ರಿ. ಬನ್ನಿ, ನನ್ನ ಜೊತೆ ಇಳೀರಿ.”

ಆತ ಬರಲಿಲ್ಲ. ಬಂದದ್ದು ಕಬ್ಬಿಣದ ಜಾಲರಿ. ಅದನ್ನು ಮೋರಿಯ ಬಾಯಿಗೆ ಬಡಿದು, ‘ಅಪಾಯ, ಪ್ರವೇಶವಿಲ್ಲ’ ಎಂಬ ಹಲಗೆ ತೂಗುಹಾಕಿದರು. ಮೋರಿಗೇ ಗೋಡೆ ಕಟ್ಟಿದವನಿಗೆ ಒಂದು ನೋಟೀಸಿಲ್ಲ, ಅದರೊಳಗೆ ನಡೆದವರಿಗೆ ಬೀಗ! ಮೇಲಾಗಿ ಮಂಟಪದ ಯಜಮಾನರೇ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದು, “ವಯಸ್ಸಾಯ್ತು ಮೇಡಂ, ಎಲ್ಲಾದ್ರೂ ಬಿದ್ದುಗಿದ್ದೀರಿ” ಎಂದರು.

“ನಾನು ಬಿದ್ರೆ ಒಬ್ಳು ಬೀಳ್ತೀನಿ. ನೀವು ಓಣಿಗೆ ಓಣೀನೇ ಮುಳುಗಿಸಿದ್ದೀರಿ. ತಗೊಂಡೋಗಿ ನಿಮ್ಮ ಹಣ್ಣ.”

ಬೀದಿಯವರು ದೂರವೇ ಉಳಿದರು. ಮನೆಮನೆಯಲ್ಲೂ ಮದುವೆ ವಯಸ್ಸಿಗೆ ಬಂದ ಮಕ್ಕಳು. ಮಂಟಪದವರೊಡನೆ ನಿಷ್ಠುರ ಯಾರಿಗೆ ಬೇಕು? ಮೇಡಂ ಒಂಟಿಯಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಈ ಸಲದ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅರ್ಜಿ ಹಿಡಿದು ಹೊರಟವರು ಗೇಟಿನ ಹತ್ತಿರವೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಹಳೆಯ ವಿದ್ಯಾರ್ಥಿನಿಯರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಪಾಪ, ಅವರಿಗೇನು ಗೊತ್ತು, ಹತ್ತಿರದಲ್ಲಿದೆಯೆಂದು ಅದೇ ಮಂಟಪವನ್ನು ಹಿಡಿದಿದ್ದರು. ಯಜಮಾನರೇ ಮೊದಲು ಹಾರ ಹಾಕಿ, ಮೈಕು ಹಿಡಿದು, “ಮೇಡಂ ನಮ್ಮ ಬಡಾವಣೆಯ ಹೆಮ್ಮೆ” ಎಂದು ಕಣ್ಣೊರೆಸಿಕೊಂಡರು. ನನಗೆ ರಕ್ತ ಕುದಿಯಿತು. ಆದರೆ ಎದ್ದು ನಿಂತವರು ಪುಟ್ಟಮ್ಮ.

“ಮಾತು ಸಾಕು ಸ್ವಾಮಿ. ಆಯಮ್ಮ ಒಡೀರಿ ಅಂದ ಗೋಡೆ ಈ ನೆಲದ ಕೆಳಗೇ ಅದೆ. ಅದನ್ನ ಒಡೀರಿ.”

ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಜಮಾನರು ಮಾತ್ರ ಕೈ ಜೋಡಿಸಿ, ನಗುತ್ತಲೇ, “ಆಗಲಮ್ಮ, ಮೊದಲು ಊಟ ಮಾಡಿ” ಎಂದರು.

“ಇಲ್ಲಿ ನಂಗೆ ಅನ್ನ ಇಳಿಯಕಿಲ್ಲ” ಎಂದು ಪುಟ್ಟಮ್ಮ ಬಾಗಿಲ ಕಡೆ ತಿರುಗಿದರು. ನಾನೂ ಎದ್ದು ಹಿಂದೆಯೇ ನಡೆದೆ. ಬೆನ್ನ ಹಿಂದೆ ಎಲೆ ಹಾಕುವ ಸದ್ದು ಶುರುವಾಗಿತ್ತು.

ಹೊರಗೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಇಳಿದು, ದಪ್ಪ ಹನಿ ಬೀಳತೊಡಗಿತ್ತು. ಪುಟ್ಟಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, “ಬೇಗ ಬಾ ಕಣಮ್ಮ, ಅಕ್ಕಿ ಮೂಟೆ ಎತ್ತಿ ಮಂಚದ ಮೇಲಿಡ್ಬೇಕು” ಎನ್ನುತ್ತ ಓಡಿದರು.